ಕೈಗೆ ಅಂಟದ ಕುಂಕುಮ

ಸುಳ್ಳು ಹೇಳುವುದಕ್ಕೂ ಒಂದು ಅಂದಾಜು ಬೇಕು. ಹಲಗೂರಿನ ಶೋಭಾರಾಣಿಗೆ ಅದಿರಲಿಲ್ಲ. ಒಂದು ದಿನಕ್ಕೆಂದು ಹೇಳಿದ ಸುಳ್ಳು ಮೂರು ತಿಂಗಳು ಬೆಳೆದು, ಈಗ ಯಲಿಯೂರಿನ ತವರುಮನೆಯಲ್ಲಿ, ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ, ಹದಿನಾಲ್ಕು ಗೋಣಿಚೀಲವಾಗಿ ಕೂತಿತ್ತು.

ಚೀಲದಲ್ಲಿದ್ದದ್ದು ಮುದ್ದೆ ತೊಳಸುವ ಹಿಟ್ಟಿನ ಕೋಲುಗಳು. ಕೆತ್ತಿದವನು ಅವಳ ಮಾವ ಚಿಕ್ಕಮಾದಯ್ಯ. ಅವೆಲ್ಲ ಬೆಂಗಳೂರು, ಪುಣೆ, ದಿಲ್ಲಿ ಎಂದು ಯಾರ್ಯಾರದೋ ಅಡುಗೆಮನೆ ಸೇರಿವೆ ಎಂದೇ ಅವನು ನಂಬಿದ್ದ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಚಿಕ್ಕಮಾದಯ್ಯ ಮೂವತ್ತು ವರ್ಷ ಮಳವಳ್ಳಿಯ ಒಂದು ಸಾಮಿಲ್ಲಿನಲ್ಲಿ ಮರ ಕೊಯ್ದವನು. ಸಾಮಿಲ್ಲು ಮುಚ್ಚಿದ ಮೇಲೆ ಮನೆಯ ಜಗಲಿ ಹಿಡಿದ. ಹಿಡಿದದ್ದೆಂದರೆ ಹೇಗೆ, ಎಂಟು ವರ್ಷ. ಬೆಳಗ್ಗೆ ಎದ್ದು ಕೂತರೆ ಹೋಗಿ ಬರುವ ಬಸ್ಸು ನೋಡುವುದು, ಊಟಕ್ಕೆ ಕರೆದರೆ ಒಳಗೆ ಬರುವುದು, ಮತ್ತೆ ಹೋಗಿ ಕೂರುವುದು. ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು. ಹೆಂಡತಿ ಕಾಮಾಕ್ಷಮ್ಮ ದೇವರಿಗೆ ಹೇಳಿಕೊಂಡಳು, ಮಗ ಕನಕರಾಜು ಡಾಕ್ಟರಿಗೆ ತೋರಿಸಿದ. ಯಾವುದೂ ನಾಟಲಿಲ್ಲ. ಕೊನೆಗೆ ನಾಟಿದ್ದು ಸೊಸೆಯ ಒಂದು ಮಾತು. ಮನೆಯ ಹಿಟ್ಟಿನ ಕೋಲು ಸವೆದಿದೆ, ಒಂದು ಕೆತ್ತಿಕೊಡಿ ಮಾವ, ಎಂದಿದ್ದಳು. ಮಾವ ಹುಣಸೆ ಮರದಲ್ಲಿ ಕೆತ್ತಿಕೊಟ್ಟ ಕೋಲು ಎಷ್ಟು ನಯವಾಗಿತ್ತೆಂದರೆ, ಅವಳು ಅದರ ಫೋಟೋ ತೆಗೆದು ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದಳು. ವಾರದೊಳಗೆ ಐದು ಆರ್ಡರು. ವರ್ಷದೊಳಗೆ ದಿನಕ್ಕೆ ಹನ್ನೆರಡು. ಮನೆಗೆ ಸಣ್ಣದು, ಮೆಸ್ಸು ಹೋಟೆಲುಗಳಿಗೆ ಮೂರಡಿಯದು. ಚಿಕ್ಕಮಾದಯ್ಯ ಜಗಲಿ ಬಿಟ್ಟು ಎದ್ದ. ಕೋಳಿ ಕೂಗುವ ಹೊತ್ತಿಗೆ ಹಿತ್ತಲಲ್ಲಿ ಅವನ ಮರ ಕೆತ್ತುವ ಬಾಚಿಯ ಸದ್ದು ಕೇಳುತ್ತಿತ್ತು.

ಕೆತ್ತಿದ ಪ್ರತಿ ಕೋಲಿಗೂ ಕಾಮಾಕ್ಷಮ್ಮ ಅರಿಶಿನ ಸವರಿ ಕುಂಕುಮದ ಬೊಟ್ಟಿಟ್ಟೇ ಕಳಿಸುವುದು. ಹೊಸ ನೇಗಿಲಿಗೆ ಇಡುವುದಿಲ್ಲವೇ, ಹೊಸ ಒಲೆಗೆ ಇಡುವುದಿಲ್ಲವೇ, ಹಾಗೆ. "ಓದ ಮನೇಲಿ ಇಟ್ಟು ಗಂಟಾಗದಿರ್ಲಿ" ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಶೋಭಾ ಆನ್‌ಲೈನಿಗೆ ಹಾಕಿದ ಫೋಟೋದಲ್ಲಿ ಇದ್ದದ್ದೂ ಅತ್ತೆಯದೇ ಕೈ. ಹಸಿರು ಗಾಜಿನ ಬಳೆ, ಹೆಬ್ಬೆರಳ ಮೇಲೆ ಕುಡುಗೋಲು ತಗುಲಿದ ಹಳೆಯ ಗಾಯದ ಗುರುತು, ಬೆರಳ ನಡುವೆ ಬೊಟ್ಟಿಟ್ಟ ಕೋಲು.

ಆ ಕೈಯನ್ನೇ ಒಂದು ದಿನ ಶೋಭಾ ಬೇರೆ ಕಡೆ ಕಂಡಳು. ಯಾವುದೋ ಹೊರದೇಶದ ಆಪು. ಅತ್ತೆಯ ಅದೇ ಬಳೆ, ಅದೇ ಗಾಯ, ಕೆಳಗೆ ಬೆಲೆ ನೂರಾ ಹತ್ತೊಂಬತ್ತು. ಇವಳದು ಮುನ್ನೂರೈವತ್ತು. ದೂರು ಬರೆದಳು. ನಿಮ್ಮ ದೂರು ನಮಗೆ ಬಹಳ ಮುಖ್ಯ ಎಂದು ಉತ್ತರ ಬಂತು, ಆಮೇಲೆ ಏನೂ ಬರಲಿಲ್ಲ. ಇವಳು ಮಾರುತ್ತಿದ್ದ ಕಂಪನಿಯವರಿಗೆ ಹೇಳಿದರೆ, ನೀವೂ ಬೆಲೆ ಇಳಿಸಿ ನೋಡಿ ಮೇಡಂ ಎಂದರು. ಮರದ ತುಂಡೇ ನೂರಾ ಹತ್ತೊಂಬತ್ತಕ್ಕೆ ಸಿಗುವುದಿಲ್ಲ, ಇನ್ನು ಇಳಿಸುವುದು ಏನನ್ನು, ತಲೆಯನ್ನೇ.

ನೋಡೇಬಿಡೋಣ ಎಂದು ಅಲ್ಲಿಂದ ಒಂದು ಕೋಲು ತರಿಸಿದಳು. ಹಗುರ ಮರ, ಉಗುರಿಟ್ಟರೆ ಗೀರು ಬೀಳುತ್ತಿತ್ತು. ತುದಿಯಲ್ಲಿ ಒಂದು ಹಳದಿ ಪಟ್ಟಿ, ಪಟ್ಟಿಯ ನಡುವೆ ಕೆಂಪು ಚುಕ್ಕೆ. ಉಜ್ಜಿದಳು. ಕೈಗೆ ಅಂಟಲಿಲ್ಲ. ಬಣ್ಣ. ಫೋಟೋದಲ್ಲಿ ಕಂಡ ಅರಿಶಿನ ಕುಂಕುಮವನ್ನೂ ಕೋಲಿನ ಅಂಗವೆಂದೇ ತಿಳಿದು ಅಚ್ಚು ಹೊಡೆದಿದ್ದರು. ಶೋಭಾಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. ಅತ್ತೆ ಹರಸುವುದನ್ನೂ ಬಿಡಲಿಲ್ಲವಲ್ಲ ಈ ಮುಂಡೇವು, ಎಂದುಕೊಂಡು ಅದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಅಡಗಿಸಿಟ್ಟಳು.

ಅದು ಯುಗಾದಿ ಕಳೆದ ವಾರ. ಸಂಜೆ ಮಾವ ಎಂದಿನಂತೆ ಕೇಳಿದ. "ನಾಳೀಕೆ ಎಷ್ಟವ್ವಾ?"

ಅವನು ಯಾವತ್ತೂ ದುಡ್ಡು ಕೇಳಿದವನಲ್ಲ. ಕೇಳುತ್ತಿದ್ದದ್ದು ಇದೊಂದೇ. ಫೋನಿನಲ್ಲಿ ಇದ್ದ ಆರ್ಡರು ಎರಡೇ. ಶೋಭಾ ಮಾವನ ಮುಖ ನೋಡಿದಳು, ಅವನ ಹಿಂದಿದ್ದ ಖಾಲಿ ಜಗಲಿ ನೋಡಿದಳು.

"ಹನ್ನೆರಡು ಮಾವ" ಅಂದಳು.

ಹೇಳಿಬಿಡುವುದು ಸುಲಭ, ಹನ್ನೆರಡು ಕೋಲು ಎಲ್ಲಿಗೆ ಹೋಗಬೇಕು. ಪಾರ್ಸೆಲ್ ಒಯ್ಯಲು ಹಲಗೂರಿಗೆ ಬರುತ್ತಿದ್ದವನು ಇನ್ನು ಬರುವುದಿಲ್ಲ, ಮಂಡ್ಯದ ಆಫೀಸಿಗೇ ಕೊಡಬೇಕಂತೆ ಎಂದು ಇನ್ನೊಂದು ಸುಳ್ಳು ಪೋಣಿಸಿದಳು. ವಾರಕ್ಕೆ ಮೂರು ದಿನ ಚೀಲ ಹೊತ್ತು ಬಸ್ಸು ಹತ್ತುವುದು, ನಿಜವಾದ ಒಂದೋ ಎರಡೋ ಪಾರ್ಸೆಲ್ ಮಂಡ್ಯದಲ್ಲಿ ಕೊಡುವುದು, ಉಳಿದದ್ದನ್ನು ಯಲಿಯೂರಿಗೆ ಒಯ್ದು ಕವರು ಬಿಚ್ಚಿ ಕೋಲನ್ನು ಗೋಣಿಗೆ ತುಂಬುವುದು. ಅದೇ ಕವರು ಮಡಿಸಿ ವಾಪಸ್ಸು ತರುವುದು. ಮರದ ದುಡ್ಡಿಗೆ, ಗಂಡ ಕನಕರಾಜುವಿಗೂ ಹೇಳದೆ, ಹಿಂದಿನ ವರ್ಷದ ಉಳಿತಾಯ ಮುರಿಯುವುದು. ತಮ್ಮ ಶಿವು "ಏನಕ್ಕ, ಗೋಡೌನಾ?" ಎಂದು ರೇಗಿಸಿ ಸುಮ್ಮನಾಗುತ್ತಿದ್ದ. ಒಮ್ಮೆ ಕಾಮಾಕ್ಷಮ್ಮ ಪಾರ್ಸೆಲ್ ಕಟ್ಟುತ್ತ, "ಈ ಕವರ ಮೊನ್ನೇನೂ ನೋಡ್ದಂಗಿತ್ತಲ್ಲವ್ವ" ಎಂದಳು. ಶೋಭಾಗೆ ಆ ರಾತ್ರಿ ಊಟ ಸೇರಲಿಲ್ಲ.

ಮಳವಳ್ಳಿ ಸ್ಟ್ಯಾಂಡಿನಲ್ಲಿ ಹಲಗೂರಿನ ಮುಖ ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದಳು. ನಾಳೆ ಹೇಳಿಬಿಡುತ್ತೇನೆ ಎಂದು ದಿನಾ ಅಂದುಕೊಳ್ಳುವಳು. ಬೆಳಗಾದರೆ ಬಾಚಿಯ ಸದ್ದು ಕೇಳುವುದು, ಬಾಯಿ ಕಟ್ಟುವುದು.

ಹೀಗಿರುವಾಗ ಶಿವುಗೆ ಮದುವೆ ಗೊತ್ತಾಯಿತು. ಮದುವೆ ಛತ್ರದಲ್ಲಿ, ಸರಿ. ಬೀಗರೂಟ ಮಾತ್ರ ಯಲಿಯೂರಿನ ಮನೆಯಲ್ಲೇ. ಅತ್ತೆ ಮಾವ ಬರದಿರುತ್ತಾರೆಯೇ. ಶೋಭಾ ಹಿಂದಿನ ದಿನವೇ ಹೋಗಿ ಚೀಲಗಳ ಮುಂದೆ ಹುಲ್ಲು ಒಟ್ಟಿ, ಕೋಣೆಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀಗರೂಟದ ದಿನ ಅವಳ ಒಂದು ಕಣ್ಣು ನೆಂಟರ ಮೇಲೆ, ಇನ್ನೊಂದು ಆ ಬೀಗದ ಮೇಲೆ. ಚಿಕ್ಕಮಾದಯ್ಯ ಶಾಮಿಯಾನದ ಕೆಳಗೆ ಬಿಳಿ ಪಂಚೆಯುಟ್ಟು ಕೂತು, ಹೊಸ ಬೀಗರಿಗೆ ತನ್ನ ಕೋಲು ದಿಲ್ಲಿಗೆ ಹೋಗುವ ಕಥೆ ಹೇಳುತ್ತಿದ್ದ.

ಹಿತ್ತಲಲ್ಲಿ ಬಾಡಿನ ಸಾರು ಕುದಿಯುತ್ತಿತ್ತು. ಮುದ್ದೆಗೆ ಎಸರು ಇಟ್ಟಾಗಿತ್ತು. ಅಡುಗೆಯವ ಚಿಕ್ಕಬೋರಯ್ಯ ಕೋಲು ಕೇಳಿದ. ಆಗ ಹನಕೆರೆಯಿಂದ ಬಂದಿದ್ದ ಶೋಭಾಳ ಚಿಕ್ಕಮ್ಮ ಹೊಂಬಾಳಮ್ಮ ಬ್ಯಾಗಿನಿಂದ ಮೂರು ದೊಡ್ಡ ಕೋಲು ತೆಗೆದಳು. ಮೂರಕ್ಕೂ ಹಳದಿ ಪಟ್ಟಿ, ಕೆಂಪು ಚುಕ್ಕೆ.

"ನಮ್ ಸೋಭಾನ ಅಂಗಡೀದೇ ಕಣ್ರವ್ವ" ಎಂದಳು ಹೆಮ್ಮೆಯಿಂದ. "ಮೊಮ್ಮಗಳ ಕೈಲಿ ಫೋನಾಗೆ ಒತ್ತಿಸ್ದೆ. ನೋಡ್ತಿದ್ದಂಗೆ ಬೀಗಿತ್ತಿ ಕೈ ಗುರ್ತು ಸಿಕ್ತು. ಬಳೆ ನೋಡು, ಗಾಯ ನೋಡು. ನಮ್ಮೋರ್ದ ಬುಟ್ಟು ಇನ್ಯಾರ್ದ ತಕ್ಕಳ್ಳಾದು?"

"ನಾವೂ ತರ್ಸಿದ್ವಿ" ಎಂದಳು ಈರುಳ್ಳಿ ಹೆಚ್ಚುತ್ತಿದ್ದ ಒಬ್ಬಳು. ಮತ್ತೊಬ್ಬಳೂ ಅಂದಳು. ತವರಿನ ಬಳಗವೆಲ್ಲ, ಮನೆ ಮಗಳಿಗೆ ಒಂದು ಆಸರೆಯಾಗಲಿ ಎಂದು, ಕಾಮಾಕ್ಷಮ್ಮನ ಕೈ ನೋಡಿ ನೋಡಿ ಆ ಆಪಿಗೆ ದುಡ್ಡು ಸುರಿದಿತ್ತು. ಶೋಭಾ ಬಾಯಿ ತೆರೆದಳು. ಏನು ಹೇಳುವುದು, ಹೇಳಿದರೆ ಎಲ್ಲಿಗೆ ಹೋಗಿ ನಿಲ್ಲುವುದು. ಬಾಯಿ ಮುಚ್ಚಿ ಸೊಂಟದ ಕೀಲಿ ಮುಟ್ಟಿ ನೋಡಿಕೊಂಡಳು.

ಚಿಕ್ಕಬೋರಯ್ಯ ಎಸರಿಗೆ ಹಿಟ್ಟು ಸುರಿದು, ಕೋಲು ಊರಿ ತೊಳಸತೊಡಗಿದ. ನಾಲ್ಕು ಸುತ್ತಿಗೆ ಮೊದಲನೆಯದು ಲಟಕ್ಕನೆ ಮುರಿಯಿತು. ಎರಡನೆಯದು ಸೀಳಿತು. ಮೂರನೆಯದು ಬಾಗಿತು, ಅದರ ಬಣ್ಣ ಬಿಸಿಗೆ ಬಿಟ್ಟುಕೊಂಡು ಹಿಟ್ಟಿನ ಮೇಲೆ ಕೆಂಪು ಗೆರೆ ಎಳೆಯಿತು.

"ಯಾವನ್ಲಾ ಇದ ಕೆತ್ತಿರಾದು? ಕೈಲೋ ಕಾಲ್ಲೋ?" ಎಂದ ಚಿಕ್ಕಬೋರಯ್ಯ, ಆ ಹಿಟ್ಟನ್ನು ಮಂಕರಿಗೆ ತೆಗೆದುಹಾಕುತ್ತ. "ಮುನ್ನೂರು ಎಲೆ ಕಾಯ್ತಾ ಅವೆ. ಬ್ಯಾರೆ ಕೋಲು ತಕ್ಕಬನ್ನಿ."

ಎಲ್ಲರ ಕಣ್ಣು ಶಾಮಿಯಾನದ ಕಡೆ ಹೋಯಿತು. ಸದ್ದು ಕೇಳಿ ಚಿಕ್ಕಮಾದಯ್ಯ ಆಗಲೇ ಎದ್ದು ಬಂದಿದ್ದ, ಹಿಂದೆ ಹೊಸ ಬೀಗರೂ ಬಂದರು. ಅವನು ಮುರಿದ ತುಂಡು ಎತ್ತಿಕೊಂಡು ತಿರುಗಿಸಿ ನೋಡಿದ.

"ಇದು ನಂದಲ್ಲ" ಎಂದ.

"ನಿಮ್ದೇ ಅಲ್ವಾ ಬೀಗ್ರೇ" ಎಂದಳು ಹೊಂಬಾಳಮ್ಮ ಮೆಲ್ಲಗೆ. "ಬೀಗಿತ್ತಿ ಕೈಯ್ಯೇ ಐತಲ್ಲ ಫೋಟೋದಾಗೆ."

"ಮುರುದ್ ಮ್ಯಾಕೆ ಯಾರ್ದೂ ಅಲ್ಲ ಬುಡಿ" ಎಂದ ಬೀಗರ ಕಡೆಯ ಒಬ್ಬ. ನಾಲ್ಕು ಜನ ನಕ್ಕರು.

ಚಿಕ್ಕಮಾದಯ್ಯನ ಕಿವಿ ಕೆಂಪಾಯಿತು. ಅವನು ನಕ್ಕವರ ಕಡೆ ನೋಡಲಿಲ್ಲ. ಸೊಸೆಯ ಕಡೆ ತಿರುಗಿದ. "ಸೋಭಾ, ನೀನೇ ಏಳವ್ವ. ಇದು ನಂದಾ?"

ಅವಳು ಹೆದರಿದ್ದೆಲ್ಲ ಒಂದೇ ಕಡೆ ಬಂದು ನಿಂತಿತು. ಅಲ್ಲ ಎಂದು ಬಾಯಲ್ಲಿ ಹೇಳಿದರೆ ನಂಬುವವರಾರು. ನಂಬಿಸಬೇಕಾದರೆ ಆ ಬೀಗ ತೆಗೆಯಬೇಕು. ತೆಗೆದರೆ ಈ ಮನುಷ್ಯ ಮತ್ತೆ ಜಗಲಿ ಹಿಡಿಯುತ್ತಾನೆ. ತೆಗೆಯದಿದ್ದರೆ ಇಷ್ಟು ಜನರ ಮುಂದೆ, ಮೂವತ್ತು ವರ್ಷ ಮರದೊಂದಿಗೆ ಬದುಕಿದ ಕೈಗೆ ಈ ಪುಳ್ಳೆಯ ಕೆಟ್ಟ ಹೆಸರು. ಇನ್ನೊಂದು ಹಂಡೆಯ ಎಸರು ಬೇರೆ ಕುದಿಯುತ್ತ ಕಾಯುತ್ತಿತ್ತು.

ಸೊಂಟದ ಕೀಲಿ ತೆಗೆದುಕೊಂಡು ಕೋಣೆಗೆ ಹೋದಳು. ಬೀಗ ತೆಗೆದಳು. ಹುಲ್ಲು ಎಳೆದು ಬಿಸಾಡಿ, ಒಂದು ಚೀಲ ಕಿತ್ತು, ತೋಳಿಗೆ ಹಿಡಿದಷ್ಟು ದೊಡ್ಡ ಕೋಲು ತಂದು ಚಿಕ್ಕಬೋರಯ್ಯನ ಮುಂದೆ ಹಾಕಿದಳು.

"ಇವು ನಮ್ಮಾವಂದು" ಎಂದಳು.

ಚಿಕ್ಕಬೋರಯ್ಯ ಹೊಸದಾಗಿ ಹಿಟ್ಟು ಸುರಿದು ತೊಳಸಿದ. ಕೋಲು ಜಪ್ಪಯ್ಯ ಎನ್ನಲಿಲ್ಲ. "ಈಗ ಕೋಲು ಅನ್ನಿ" ಎಂದ. ನಕ್ಕವರು ಎಲೆಯ ಕಡೆ ಹೊರಟರು. ಕಾಮಾಕ್ಷಮ್ಮ ಮಾತ್ರ ಒಂದು ಕೋಲಿನ ಒಣಗಿದ ಬೊಟ್ಟನ್ನು ಬೆರಳಲ್ಲಿ ಉಜ್ಜಿದಳು. ಬೆರಳು ಕೆಂಪಾಯಿತು.

"ನಾನಿಟ್ಟಿದ್ದು" ಎಂದಳು. "ಇದು ಯಾರ್ ಮನೇಗೂ ಓಗೇ ಇಲ್ವಾ?"

ಚಿಕ್ಕಮಾದಯ್ಯ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಹದಿನಾಲ್ಕು ಚೀಲಗಳ ಮೇಲೆ ಅವನ ಕಣ್ಣು ನಿಧಾನವಾಗಿ ಹರಿಯಿತು. ಬಗ್ಗಿ ಒಂದು ಕೋಲು ಎತ್ತಿ, ಅದರ ಗಂಟನ್ನು ಹೆಬ್ಬೆರಳಲ್ಲಿ ಸವರಿ, ಇದ್ದಲ್ಲೇ ಇಟ್ಟ.

"ಯಾವತ್ತಿಂದ?"

"ಯುಗಾದಿಯಿಂದ ಮಾವ."

ಅವನು ಕೋಣೆಯ ಬಾಗಿಲು ಎಳೆದುಕೊಂಡ. ಪಂಕ್ತಿಯಲ್ಲಿ ಕೂತು ಉಂಡ. ಹಲಗೂರು ತಲುಪುವ ತನಕ ಬಸ್ಸಿನ ಕಿಟಕಿ ನೋಡುತ್ತ ಕೂತಿದ್ದ, ಶೋಭಾ ಎರಡು ಸೀಟು ಹಿಂದೆ ಅವನ ಕತ್ತನ್ನು ನೋಡುತ್ತ ಕೂತಿದ್ದಳು.

ಮರುದಿನ ಕೋಳಿ ಕೂಗಿತು. ಬಾಚಿಯ ಸದ್ದಿಲ್ಲ. ಶೋಭಾ ಹಾಸಿಗೆಯಲ್ಲೇ ಕಿವಿಗೊಟ್ಟಳು. ಹಾಲಿನವನ ಗಾಡಿ ಬಂತು, ಬೆಂಗಳೂರಿನ ಬಸ್ಸು ಹೋಯಿತು. ಸದ್ದಿಲ್ಲ. ಕಾಫಿ ಲೋಟ ಹಿಡಿದು ಹೊರಗೆ ಬಂದರೆ, ಅವಳು ಅಂದುಕೊಂಡ ಹಾಗೇ, ಮಾವ ಜಗಲಿಯ ಮೇಲಿದ್ದ. ಅದೇ ಮೂಲೆ, ಕಂಬಕ್ಕೆ ಒರಗಿದ ಅದೇ ಬೆನ್ನು.

ಅವನ ಮಡಿಲಲ್ಲಿ ಆ ಮುರಿದ ಕೋಲಿನ ತುಂಡಿತ್ತು. ಉಗುರಿನಿಂದ ಅದರ ಕೆಂಪು ಚುಕ್ಕೆ ಕೆರೆಯುತ್ತಿದ್ದ.

"ಇದ ಮಾಡ್ದೋನು ಇಟ್ಟು ತೊಳ್ಸಾದ ಯಾವತ್ತಾರ ಕಂಡಿದ್ನಾ?" ಎಂದ.

"ಇಲ್ಲ ಮಾವ. ಫೋಟೋ ನೋಡಿ ಮಾಡಿದ್ದು."

"ಅದ್ಕೇಯ." ತುಂಡನ್ನು ಪಕ್ಕಕ್ಕಿಟ್ಟು ಲೋಟ ತೆಗೆದುಕೊಂಡ. ಅರ್ಧ ಕಾಫಿ ಕುಡಿದ. "ನಾನು ಜಗಲಿ ಇಡ್ದೇನು ಅಂತ ಎದ್ರಕಂಡಾ?"

ಅವಳು ಹೌದೆಂದು ತಲೆ ಆಡಿಸಿದಳು.

"ಎಲ್ಡು ಓದ್ರೆ ಎಲ್ಡು ಅನ್ನು. ಎಲ್ಡೇ ಕೆತ್ತತೀನಿ. ಇಲ್ದಿರ ಮನೇಗೆ ನನ್ ಕೈಲಿ ಕೆತ್ತಿಸ್ಬ್ಯಾಡ ಕಣವ್ವ." ಲೋಟ ಕೆಳಗಿಟ್ಟ. "ಇವತ್ತೆಷ್ಟು?"

ಶೋಭಾ ಫೋನು ತೆಗೆದಳು. ಒಮ್ಮೆ ನೋಡಿದಳು, ಬೆರಳಿನಿಂದ ಎಳೆದು ಇನ್ನೊಮ್ಮೆ ನೋಡಿದಳು. ಹನ್ನೆರಡು ಎಂಬ ಮಾತು ಅಭ್ಯಾಸಕ್ಕೆ ನಾಲಿಗೆಯ ತುದಿಗೇ ಬಂದಿತ್ತು.

"ಒಂದೂ ಇಲ್ಲ ಮಾವ."

ಚಿಕ್ಕಮಾದಯ್ಯ ಸ್ವಲ್ಪ ಹೊತ್ತು ರಸ್ತೆ ನೋಡಿದ. ಆಮೇಲೆ ಜಗಲಿಗೆ ಕೈಯೂರಿ ಎದ್ದ.

"ಸರಿ. ಅಂಗಾರೆ ಬಾಚಿ ಮಸೀತೀನಿ. ಮೂರು ತಿಂಗ್ಳಿಂದ ಪುರುಸೊತ್ತೇ ಸಿಕ್ಕಿರ್ನಿಲ್ಲ" ಎಂದು ಹಿತ್ತಲಿಗೆ ನಡೆದ. "ನಾಳೀಕೂ ಕೇಳ್ತೀನಿ. ನಿಜ ಏಳು."

ಸಾಣೆಕಲ್ಲಿನ ಮೇಲೆ ಬಾಚಿ ಉಜ್ಜುವ ಸದ್ದು ಕೇಳತೊಡಗಿತು. ಶೋಭಾ ಖಾಲಿ ಲೋಟ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ ಹಿಡಿದು, ಅಲ್ಲೇ ನಿಂತು ಮತ್ತೊಮ್ಮೆ ನೋಡಿದಳು.