ಧಾವಳಿಯ ಬಿಲ್ಲೆ

ಮುದ್ದಮ್ಮ ಕೊಳೆ ಕಂಡರೆ ಸುಮ್ಮನಿರುವ ಹೆಂಗಸಲ್ಲ. ಮಗಳು ಶಾಲಿನಿಯ ಮದುವೆಗೆಂದು ನರಸೀಪುರದ ಮನೆಯನ್ನೆಲ್ಲ ಉಜ್ಜಿ ತೊಳೆಯುವಾಗ, ಮಗ ಕಿರಣನ ಮಂಚದ ಕೆಳಗೆ ಜಿಡ್ಡುಗಟ್ಟಿದ ಎರಡು ದುಂಡನೆ ಬಟ್ಟೆಗಳು ಸಿಕ್ಕವು. ಬಿಸಿನೀರು, ಸೋಪಿನ ಪುಡಿ, ಬ್ರಷ್ಷು, ಕೊನೆಗೆ ಗರಿಗರಿಯಾಗಲೆಂದು ಒಂದಿಷ್ಟು ಗಂಜಿ. ಆರತಕ್ಷತೆಯ ದಿನ ಬೆಳಿಗ್ಗೆ ಕಿರಣ್ ಎದ್ದು ಬಂದಾಗ ಅವು ತಂತಿಯ ಮೇಲೆ ಕರಿದ ಹಪ್ಪಳದಂತೆ ಮುದುರಿಕೊಂಡಿದ್ದವು.

"ಅವ್ವಾ, ಏನ್ ಮಾಡ್ಬುಟ್ಟೆ!"

"ಏನ್ ಮಾಡ್ದೆ? ಒಗ್ದೆ. ಬೀಗರ ಮುಂದೆ ಆ ಮಸಿಬಟ್ಟೆ ಇಟ್ಕೊಂಡು ನಿಂತ್ಕೋತಿದ್ದೇನ್ಲಾ?"

ಅವು ಸ್ಲಿಪ್‌ಮ್ಯಾಟುಗಳು. ಡಿ.ಜೆ. ಯಂತ್ರದ ಲೋಹದ ತಟ್ಟೆಗೂ ಅದರ ಮೇಲಿನ ರೆಕಾರ್ಡಿಗೂ ನಡುವೆ ಇರುವ ಬಿಲ್ಲೆ. ಬೆರಳಿಟ್ಟರೆ ರೆಕಾರ್ಡು ನಿಲ್ಲಬೇಕು, ಅಡಿಯಲ್ಲಿ ತಟ್ಟೆ ಮಾತ್ರ ತಿರುಗುತ್ತಲೇ ಇರಬೇಕು. ಬೆರಳೆತ್ತಿದ ಕೂಡಲೇ ರೆಕಾರ್ಡು ತಟ್ಟೆಯ ಜೊತೆಗೆ ಓಡಬೇಕು. ಬಿಲ್ಲೆ ಜಾಸ್ತಿ ಜಾರಿದರೂ ಕೆಟ್ಟಿತು, ಜಾಸ್ತಿ ಹಿಡಿದರೂ ಕೆಟ್ಟಿತು.

ಇವತ್ತಂತೂ ಕೆಡುವ ಹಾಗಿರಲಿಲ್ಲ. ಶಾಮಿಯಾನ ಮತ್ತು ಸೌಂಡ್ಸ್ ಬಾಡಿಗೆಗೆ ಕೊಡುವ ಅಪ್ಪ ಚಿಕ್ಕಸ್ವಾಮಿಗೆ ಡಿ.ಜೆ. ಎಂದರೆ ಲಾರಿ ತುಂಬ ಸ್ಪೀಕರು, ಒಂದು ಲ್ಯಾಪ್‌ಟಾಪು. ಮಗ ಮೈಸೂರಿನಿಂದ ಹೊತ್ತು ತಂದ ಈ ಎರಡು ಯಂತ್ರಗಳು ಅವನ ಕಣ್ಣಿಗೆ ತಾತನ ಕಾಲದ ಗ್ರಾಮಫೋನು. ಮಗಳ ಹಟಕ್ಕೆ ಒಪ್ಪಿದ್ದ, ಒಂದು ಷರತ್ತಿನ ಮೇಲೆ.

"ಒಂದೇ ಒಂದ್ ಕಿತ ನಿಂತೋದ್ರೂ ಸೈ, ಆಚೆ ಪುಟ್ಟಸ್ವಾಮಿ ಸ್ಪೀಕರ್ ಲಾರಿ ರೆಡಿ ಇರ್ತದೆ, ಫೋನ್ ಮಾಡ್ತೀನಿ. ನಾಳೀಕೆ ಆ ಎಲ್ಡೂ ಡಬ್ಬ ಮಾರ್ಬುಟ್ಟು ಬಾಸ್ ಬಾಕ್ಸ್ ತತ್ತೀನಿ. ಆಮೇಕೆ ಅಳ್ಬೇಡ."

ನಂಜನಗೂಡಿನ ಸಿಂಧುಗೆ ಫೋನು ಹೋಯಿತು. ಕಾಲೇಜಿನಲ್ಲಿ ಜೊತೆಗೆ ಓದಿದವಳು; ಈ ಹುಚ್ಚು ಇಬ್ಬರಿಗೂ ಒಟ್ಟಿಗೇ ಹತ್ತಿತ್ತು. "ಮ್ಯಾಟ್ ಹಾಳಾಯ್ತಾ? ಮಿಷನ್ ಒಂದನ್ನ ಎತ್ಕೊಂಡು ಬಾರೋ. ಫೋನಲ್ಲಿ ಬಟ್ಟೆ ಮುಟ್ಟಿ ನೋಡಕ್ಕಾಗಲ್ಲ" ಅಂದಳು.

ಅಂಗಡಿಯ ಗೂಡ್ಸ್ ಆಟೋದಲ್ಲಿ ಯಂತ್ರವನ್ನು ಹಾಸಿಗೆಯಲ್ಲಿ ಸುತ್ತಿ ಹೊರಟ. ಗುಂಡಿ ಬಂದಾಗಲೆಲ್ಲ ಯಂತ್ರದ ಮುಳ್ಳು ಮುರಿದಿರಬಹುದೆಂದು ನಿಲ್ಲಿಸಿ ಬಿಚ್ಚಿ ನೋಡುವನು. ಮುರಿದಿರಲಿಲ್ಲ. ಅದರಿಂದ ಸಮಾಧಾನವೇನೂ ಆಗಲಿಲ್ಲ. ಮುಂದಿನ ಗುಂಡಿ ಇತ್ತಲ್ಲ.

ದೇವಸ್ಥಾನದ ಹಿಂದಿನ ಬೀದಿಯಲ್ಲಿ ಸಿಂಧುವಿನ ಮನೆ. ಜಗಲಿಯ ಮೇಲೆ ಯಂತ್ರ ಇಟ್ಟರು. ಅವಳು ಆಗಲೇ ಬಜಾರು ಸುತ್ತಿ ಬಂದಿದ್ದಳು. ಮಕ್ಕಳು ಹೂ ಕತ್ತರಿಸುವ ಫೆಲ್ಟ್ ಹಾಳೆಯನ್ನು ಮೊದಲು ಹಾಕಿದರು. ರೆಕಾರ್ಡು ಎತ್ತಿದರೆ ಅದೂ ಅಂಟಿಕೊಂಡು ಎದ್ದುಬಂತು. ರವಿಕೆಯ ಸ್ಯಾಟಿನ್ ಲೈನಿಂಗ್ ಹಾಕಿದರೆ ಬೆರಳೆತ್ತಿದ ಮೇಲೂ ರೆಕಾರ್ಡು ಅಲ್ಲೇ ತೂಕಡಿಸುತ್ತಿತ್ತು. ಹಾಡು ನಿದ್ದೆಗಣ್ಣಿನಲ್ಲಿ ಎದ್ದ ಹಾಗೆ ಎಳೆಯುತ್ತಿತ್ತು. ವೆಲ್ವೆಟ್ ಹಿಡಿದ ಪಟ್ಟು ಬಿಡಲಿಲ್ಲ. ಬೆರಳಿಟ್ಟರೆ ತಟ್ಟೆಯೇ ನಿಧಾನವಾಗುತ್ತಿತ್ತು.

ಕಿರಣ್ ವೆಲ್ವೆಟ್ ತೆಗೆದು ಬದಿಗಿಟ್ಟ. "ಯಂತ್ರದ ಜೊತೆ ಬಂದ ರಬ್ಬರ್ ಮ್ಯಾಟ್ ಇದೆ ಕಣೆ. ಅದನ್ನೇ ಹಾಕ್ಬುಟ್ರೆ? ಜಪ್ಪಯ್ಯ ಅಂದ್ರೂ ಜಾರಲ್ಲ. ನಿಲ್ಲೋ ಭಯಾನೇ ಇಲ್ಲ."

"ಭಯ ಇರಲ್ಲ, ನಿಜ. ನೀನ್ಯಾಕೆ ಅಲ್ಲಿರಬೇಕು ಮತ್ತೆ? ನಿಮ್ಮಪ್ಪ ಹೇಳೋ ಗ್ರಾಮಫೋನೇ ಆಯ್ತಲ್ಲ."

ಒಳಗಿನಿಂದ ಸಿಂಧುವಿನ ಅಜ್ಜಿ ಅಲಮೇಲು ಹೊಸ್ತಿಲಿಗೆ ಬಂದು ನಿಂತಿದ್ದರು. "ಏನು ಹುಡುಕ್ತಿದೀರೇ ಬೆಳಗಿಂದ?"

"ಉಣ್ಣೆ ಬಟ್ಟೆ ಅಜ್ಜಿ. ತೆಳ್ಳಗೆ, ಆದ್ರೆ ಬಿಗಿಯಾಗಿರಬೇಕು. ನಿಮ್ಮ ಹಳೇ ಧಾವಳಿ ಇಲಿ ಕಡಿದಿತ್ತಲ್ಲ?"

"ಮಡಿ ಉಡೋ ಬಟ್ಟೆ ಕಣೇ ಅದು!"

"ಉಡಕ್ಕಾಗಲ್ಲ ಅಂತ ನೀವೇ ಅಟ್ಟಕ್ಕೆ ಹಾಕಿಸಿದ್ರಿ."

ಅಜ್ಜಿ ಕಿರಣನ ಕಡೆ ನೋಡಿದರು. "ಎಂತಕ್ಕಪ್ಪ ಅದು?"

"ಹಾಡ್ನ ನಡುವೆ ನಿಲ್ಲಿಸೋಕೆ, ಅಮ್ಮಾವ್ರೆ."

"ನಿಲ್ಲಿಸೋಕೆ ಸ್ವಿಚ್ ಇಲ್ಲವೇ?"

ಸಿಂಧು ನಕ್ಕಳು. ಕಿರಣನಿಗೆ ನಗು ಬರಲಿಲ್ಲ. ಸಂಜೆ ಅಪ್ಪ ಕೇಳಲಿರುವುದೂ ಇದನ್ನೇ. ನಿಲ್ಲಿಸುವುದಕ್ಕೆಂದೇ ಬಟ್ಟೆ ಹುಡುಕುತ್ತಿದ್ದೇನೆ, ನಿಲ್ಲಬಾರದು ಎಂಬ ಮಾತಿಗೆ ತಲೆಯಾಡಿಸಿಯೂ ಬಂದಿದ್ದೇನೆ. ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದುಕೊಂಡ.

ಧಾವಳಿ ಅಟ್ಟದಿಂದ ಇಳಿಯಿತು. ಅಜ್ಜಿ ಅದನ್ನು ಅವನ ಕೈಗೆ ಕೊಡಲಿಲ್ಲ. ಜಗಲಿಯ ಮೇಲೆ, ಅವನ ಮುಂದೆ ಹಾಕಿದರು. ಅವನು ಬಗ್ಗಿ ಎತ್ತಿಕೊಂಡ. "ಕತ್ತರಿ ಹಾಕಿದ ಮೇಲೆ ಅದು ನನ್ನದಲ್ಲ, ವಾಪಸ್ ತರಬೇಡಿ" ಎಂದು ಒಳಗೆ ಹೋದರು. ಆದರೂ ಕಿಟಕಿಯ ಹಿಂದೆ ಅವರ ಸೀರೆ ಕಾಣುತ್ತಿತ್ತು.

ಇಲಿ ಕಡಿಯದ ಜಾಗ ನೋಡಿ ಸಿಂಧು ಎರಡು ಬಿಲ್ಲೆ ಕತ್ತರಿಸಿದಳು. ಅಂಚಿಗೆ ಹೊಲಿಗೆ ಹಾಕಿದರೆ ಉಬ್ಬುತ್ತದೆ, ಹಾಕದಿದ್ದರೆ ನೂಲು ಬಿಚ್ಚುತ್ತದೆ. ಅಂಟು ಸವರಿ ಒಣಗಿಸಿದರು. ಕಿರಣ್ ಬೆರಳಿಟ್ಟ. ರೆಕಾರ್ಡು ನಿಂತಿತು, ತಟ್ಟೆ ಓಡುತ್ತಿತ್ತು. ಬೆರಳೆತ್ತಿದ. ಹಾಡು ಬಿಟ್ಟಲ್ಲಿಂದಲೇ ಹೊರಟಿತು.

"ಇದೇ" ಅಂದಳು ಸಿಂಧು.

ಕಿರಣ್ ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ. ಪ್ರತಿ ಸಲವೂ ಸರಿಯಾಗಿಯೇ ಬಂತು. ಸರಿಯಾಗಿ ಬರುವುದೆಲ್ಲ ಇಲ್ಲೇ ಮುಗಿದುಹೋಗುತ್ತಿದೆ, ಸಂಜೆಗೆ ಉಳಿಯುವುದಿಲ್ಲ ಎನ್ನಿಸಿತು.

ಸಂಜೆ ಕಲ್ಯಾಣ ಮಂಟಪದಲ್ಲಿ ಯಂತ್ರಗಳನ್ನು ಜೋಡಿಸುವಾಗ ರಬ್ಬರ್ ಮ್ಯಾಟುಗಳನ್ನು ಎರಡು ಸಲ ಹಾಕಿ ಎರಡು ಸಲ ತೆಗೆದ. ಕೊನೆಗೆ ಧಾವಳಿಯೇ ಉಳಿಯಿತು. ನಿರ್ಧರಿಸಿದ್ದಲ್ಲ, ಅಷ್ಟರಲ್ಲಿ ಗಂಡು ಹೆಣ್ಣು ವೇದಿಕೆ ಹತ್ತಿದ್ದರು, ಮತ್ತೆ ಬದಲಾಯಿಸಲು ಹೊತ್ತಿರಲಿಲ್ಲ.

ಹಾಡುಗಳು ಒಂದರ ಹಿಂದೊಂದು ಓಡಿದವು. ಬೀಗರ ಕಡೆಯ ಹೆಂಗಸರು ಹಳೆಯ ಹಾಡಿಗೆ ಕುರ್ಚಿಯಲ್ಲೇ ಕುಣಿದರು. ಕಿರಣ್ ರೆಕಾರ್ಡಿಗೆ ಬೆರಳು ಸೋಕಿಸಿರಲಿಲ್ಲ. ಕಂಬದ ಹತ್ತಿರ ಅಪ್ಪ ಫೋನು ಹಿಡಿದು ನಿಂತಿದ್ದ. ಬಂದವರಿಗೆ ಕೈ ಮುಗಿಯುವಾಗಲೂ ಫೋನು ಕೈಯಲ್ಲೇ ಇರುತ್ತಿತ್ತು. ತಾನು ಹೀಗೆ ಕೈ ಕಟ್ಟಿಕೊಂಡಿರುವುದಾದರೆ ನಂಜನಗೂಡಿಗೆ ಹೋಗಿದ್ದಾದರೂ ಯಾಕೆ?

ವೇದಿಕೆಯಿಂದ ಶಾಲಿನಿ ಅಣ್ಣನತ್ತ ನೋಡಿ ಹುಬ್ಬು ಹಾರಿಸಿದಳು. ಕಿರಣ್ ಬೆರಳಿಟ್ಟ.

ಹಾಡು ಕಡಿದಂತೆ ನಿಂತಿತು. ಊಟದ ಕೋಣೆಯಲ್ಲಿ ಎಲೆ ಹಾಕುವ ಸದ್ದು ಕೇಳಿಸಿತು. ಕುಣಿಯುತ್ತಿದ್ದವರ ಕೈಗಳು ಮೇಲೆಯೇ ಉಳಿದವು. ಕಿರಣ್ ಹೆದರಿ, ತಾಳ ಬರುವ ಮೊದಲೇ ಬೆರಳೆತ್ತಿಬಿಟ್ಟ. ಹಾಡು ಮುಗ್ಗರಿಸಿ ಎದ್ದು ಓಡಿತು. ಬೀಗಿತ್ತಿಯರು "ಓ" ಎಂದು ಕೂಗಿ ಮತ್ತೆ ಶುರುಮಾಡಿದರು. ಅದು ಮೆಚ್ಚುಗೆಯೋ ಗೇಲಿಯೋ ಅವನಿಗೆ ತಿಳಿಯಲಿಲ್ಲ.

ಅಪ್ಪ ಬರುತ್ತಿದ್ದ, ಫೋನು ಕಿವಿಯಲ್ಲಿ.

"ಯಾಕ್ಲಾ ನಿಂತೋಯ್ತು?"

ಕರೆಂಟು ಅನ್ನಬಹುದಿತ್ತು. ವೈರು ಲೂಸಾಗಿತ್ತು ಅನ್ನಬಹುದಿತ್ತು. ಅದನ್ನು ಅಪ್ಪ ನಂಬುತ್ತಿದ್ದ, ಕ್ಷಮಿಸಿಯೂ ಬಿಡುತ್ತಿದ್ದನೇನೋ.

"ಅದಾಗೇ ನಿಂತೋಗ್ಲಿಲ್ಲ ಕಣಪ್ಪ. ನಾನೇ ನಿಲ್ಲಿಸ್ದೆ."

"ಬೇಕೂ ಅಂತ?"

"ಊ."

"ತಂಗಿ ಮದ್ವೇಲಿ ಬೇಕೂ ಅಂತ ಆಡು ನಿಲ್ಲಿಸ್ತೀಯಾ? ತಲೆ ಕೆಟ್ಟದಾ ನಿಂಗೆ?"

"ಅದುಕ್ಕೇ ಕಣಪ್ಪ ಈ ಮಿಷನ್ ಇರೋದು. ಬಗ್ಗಿ ನೋಡು, ಕೆಳುಗ್ಡೆ ತಟ್ಟೆ ನೋಡು."

ಚಿಕ್ಕಸ್ವಾಮಿ ಬಗ್ಗಿದ. ಹೊಸ ಶರ್ಟಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಕಿರಣ್ ಮತ್ತೆ ಬೆರಳಿಟ್ಟ. ಮಂಟಪ ಮತ್ತೆ ಮೌನವಾಯಿತು. ಈ ಸಲ ಅವನು ಬಿಡಲಿಲ್ಲ. ಒಳಗೇ ತಾಳ ಎಣಿಸುತ್ತಾ ಹಿಡಿದೇ ಇದ್ದ. ಬೆರಳಡಿಯಲ್ಲಿ ರೆಕಾರ್ಡು ನಡುಗುತ್ತಿತ್ತು, ಅದರಡಿಯಲ್ಲಿ ಉಣ್ಣೆ, ಉಣ್ಣೆಯಡಿಯಲ್ಲಿ ತಟ್ಟೆ ಓಡುತ್ತಲೇ ಇತ್ತು. ಅಪ್ಪನ ಫೋನಿನಿಂದ ಪುಟ್ಟಸ್ವಾಮಿಯ ಧ್ವನಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಬಂತು. "ಅಣ್ಣೋ, ಸುರು ಮಾಡ್ಲಾ?"

ಚಿಕ್ಕಸ್ವಾಮಿ ತಲೆ ಎತ್ತಲಿಲ್ಲ.

"ಇರ್ಲಾ" ಅಂದ. "ಇನ್ನೂ ಬಿಟ್ಟಿಲ್ಲ ಇವ್ನು."