ಇಳಿಸಿ ಅಂದರೆ ಯಾವುದನ್ನ?

ಸದ್ದಕ್ಕನಿಗೆ ಆ ಅಡ್ಡಹೆಸರು ಇಟ್ಟವರು ಯಾರೆಂದು ಇಂದಿಗೂ ಗೊತ್ತಿಲ್ಲ. ಗೊತ್ತಾದ ದಿನ ಅವರ ಗ್ರಹಚಾರ ಬಿಡಿಸಲು ಆಕೆ ಕಾಯುತ್ತಲೇ ಇದ್ದಾಳೆ. ನಗರಸಭೆಯ ಬಯಲು ರಂಗದಲ್ಲಿ ಸಂಗೀತ ಕಾರ್ಯಕ್ರಮ ನಡೆದಾಗಲೆಲ್ಲ ಸದ್ದು ಪರವಾನಗಿಯ ಮಿತಿಯೊಳಗಿದೆಯೇ, ಬೇಲಿ ಗಟ್ಟಿಯಾಗಿದೆಯೇ, ಜನ ಹೊರಗೆ ಹೋಗುವ ದಾರಿಗೆ ಐಸ್‌ಕ್ರೀಮ್ ಗಾಡಿ ಅಡ್ಡ ನಿಂತಿಲ್ಲ ತಾನೇ ಎಂದು ನೋಡುವುದು ಆಕೆಯ ಕೆಲಸ. ಕೊರಳಲ್ಲಿ ದಪ್ಪ ಕಿವಿಗವಸು, ಒಂದು ಕೈಯಲ್ಲಿ ಸದ್ದು ಅಳೆಯುವ ಮೀಟರು, ಇನ್ನೊಂದು ಕೈಯಲ್ಲಿ ವಾಕಿಟಾಕಿ. ಮನೆಯಲ್ಲಿಯೂ ಆಕೆ ಬೇರೆಯಲ್ಲ. ಮಿಕ್ಸಿ ಹಾಕುವಾಗ ಅದಕ್ಕೊಂದು ಟವೆಲ್ ಹೊದಿಸುವ ಹೆಂಗಸು.

ಇಂಥವಳಿಗೆ ಗಂಡನಾಗಿ ಸಿಕ್ಕವನು ಡ್ರಮ್ ಹುಚ್ಚಿನವನು. ಮದುವೆಗೆ ಮುಂಚೆ ಅವನು ಹೇಳಲಿಲ್ಲವೆಂದು ಆಕೆ, ಆಕೆ ಕೇಳಲಿಲ್ಲವೆಂದು ಅವನು, ಈ ವಾದ ಇನ್ನೂ ತೀರ್ಮಾನವಾಗಿಲ್ಲ. ಹೊಟ್ಟೆಪಾಡಿಗೆ ಅವನು ಟೈಲರು. ಹಗಲಿಡೀ ಹೊಲಿಗೆ ಯಂತ್ರದ ಪೆಡಲು ತುಳಿದು ಪಳಗಿದ ಕಾಲು, ಸಂಜೆ ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಮಂಚದ ಮೇಲೆ ನಾಲ್ಕು ದಿಂಬು ಸಾಲಾಗಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಎರಡು ಕಡ್ಡಿ ಹಿಡಿದು ಬಾರಿಸುತ್ತಿದ್ದ. ದಿಂಬಿನ ಮೇಲೆ ಬಾರಿಸುವುದಕ್ಕೂ ತಕರಾರಿತ್ತು. ಮೊದಲು "ರೀ, ಮಗು ಮಲಗಿದೆ", ಆಮೇಲೆ "ರೀ, ಮಗೂಗೆ ಪರೀಕ್ಷೆ", ಮಗು ಮದುವೆಯಾಗಿ ಗಂಡನ ಮನೆಗೆ ಹೋದ ಮೇಲೆ "ರೀ, ನನಗೆ ತಲೆನೋವು". ಅವನು ಒಂದೊಂದು ಸಲವೂ ಕಡ್ಡಿ ಎತ್ತಿ ಹಿಡಿದು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ "ಜಾಸ್ತಿ ಆಯ್ತಾ?" ಎಂದು ಕೇಳುತ್ತಿದ್ದ. ಆಯಿತು ಎಂದೇ ಆಕೆಯ ಉತ್ತರ. ಹೀಗೆ ಒಂದು ಸಂಸಾರವೇ ಕಳೆದುಹೋಯಿತು. ಗಂಡ ನಿಜವಾದ ಡ್ರಮ್ ಬಾರಿಸಿದ್ದನ್ನು ಆಕೆ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಇಂಥ ಟೈಲರಿಗೆ ಅದೃಷ್ಟ ಖುಲಾಯಿಸಿತು. ಅವನು ಕೋಟು ಹೊಲಿದುಕೊಡುತ್ತಿದ್ದ ಬ್ಯಾಂಡಿನ ಡ್ರಮ್ಮರ್ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಕೋಟಿನ ಅಳತೆ ಕೊಡುತ್ತ ನಿಂತಿದ್ದ ಬ್ಯಾಂಡಿನವರು, ಟೈಲರು ಕತ್ತರಿಯಿಂದ ಮೇಜಿನ ಮೇಲೆ ತಾಳ ಹಾಕುವುದನ್ನು ಕೇಳಿ, "ಅಣ್ಣಾ, ನೀವೇ ಬನ್ನಿ" ಅಂದರು. ಅವನು ಆ ದಿನ ಒಬ್ಬರ ಪ್ಯಾಂಟಿಗೆ ಮೂರು ಜೇಬು ಒಂದೇ ಕಡೆ ಇಟ್ಟು ಹೊಲಿದನಂತೆ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. "ಶನಿವಾರ ಬಯಲು ರಂಗದಲ್ಲಿ ನಾನು ಬಾರಿಸ್ತಿದೀನಿ ಕಣೆ. ಮಧ್ಯದಲ್ಲಿ ನಂದೇ ಸೋಲೋ."

"ಎಷ್ಟು ಹೊತ್ತು?"

"ಮೂರು ನಿಮಿಷ."

"ಎಷ್ಟು ಡೆಸಿಬಲ್ಲು?"

ಟೈಲರು ತುತ್ತು ಕೆಳಗಿಟ್ಟ. "ಅದೆಲ್ಲ ನಂಗೊತ್ತಿಲ್ಲ. ಒಂದೇ ಒಂದು ಸಲ. ಅರ್ಧಕ್ಕೆ ಮಾತ್ರ ನಿಲ್ಲಿಸಬೇಡ."

"ಮಿತಿಯೊಳಗಿದ್ರೆ ನಾನ್ಯಾಕ್ರೀ ನಿಲ್ಲಿಸಲಿ?" ಅಂದಳು ಸದ್ದಕ್ಕ. ಅಂದಳೇ ಹೊರತು ಮಜ್ಜಿಗೆ ಎಂದುಕೊಂಡು ಅನ್ನಕ್ಕೆ ನೀರು ಸುರಿದುಕೊಂಡಳು. ಬಯಲು ರಂಗಕ್ಕೆ ಆಗಲೇ ಎರಡು ನೋಟಿಸು ಬಂದಿದ್ದವು. ಮೂರನೆಯ ಸಲ ಮಿತಿ ಮೀರಿದರೆ ರಂಗಕ್ಕೆ ಬೀಗ ಬೀಳುತ್ತಿತ್ತು. ಗಂಡನೆಂದು ಬಿಟ್ಟರೆ ಊರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ. ನಿಲ್ಲಿಸಿದರೆ ಅವನು ಏನೂ ಅನ್ನುವುದಿಲ್ಲ, ಅದೇ ಆಕೆಗೆ ಹೆಚ್ಚು ಭಯ.

ಎರಡು ನೋಟಿಸಿಗೂ ಕಾರಣಕರ್ತರು ರಸ್ತೆಯಾಚೆಯ ಕಟ್ಟಡದ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು. ಪರವಾನಗಿಯ ಪ್ರಕಾರ ಸದ್ದು ಅಳೆಯಬೇಕಾದದ್ದೂ ಅವರ ಬಾಲ್ಕನಿಯಲ್ಲೇ. ಅಲ್ಲಿ ಹದಿನೈದು ನಿಮಿಷದ ಸರಾಸರಿ ಅರವತ್ತೈದು ಡೆಸಿಬಲ್ ದಾಟಬಾರದು; ಪ್ರತಿ ಹದಿನೈದು ನಿಮಿಷಕ್ಕೆ ಲೆಕ್ಕ ಹೊಸದಾಗಿ ಶುರು. ಒಂದು ಕ್ಷಣ ಜೋರಾದರೆ ಪರವಾಗಿಲ್ಲ, ಸರಾಸರಿ ಮಾತ್ರ ದಾಟಕೂಡದು. ಶನಿವಾರ ಸಂಜೆ ಸದ್ದಕ್ಕ ಮೀಟರನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸುವಷ್ಟರಲ್ಲಿ ಮೇಷ್ಟ್ರು ತಮ್ಮ ಫೋನು ಹಿಡಿದು ಬಂದರು.

"ನನ್ನ ಫೋನಲ್ಲಿ ಈಗಲೇ ಎಪ್ಪತ್ತೆಂಟು ತೋರಿಸ್ತಿದೆ ನೋಡಮ್ಮ!"

"ಮೇಷ್ಟ್ರೇ, ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ. ಅದು ನೀವು ಮಾತಾಡ್ತಿರೋದು."

ಮೇಷ್ಟ್ರು ದನಿ ತಗ್ಗಿಸಿದರು. ಫೋನು ಐವತ್ತೊಂದಕ್ಕೆ ಇಳಿಯಿತು. ಅವರಿಗೆ ಅದೂ ಅವಮಾನವೇ ಆಯಿತು.

ವೇದಿಕೆಯ ನಡುವೆ ಒಂದು ಚೌಕ ಲಿಫ್ಟು. ಡ್ರಮ್ಮು, ಡ್ರಮ್ಮಿನವನು ಎಲ್ಲ ಸೇರಿ ವೇದಿಕೆಯ ಅಡಿಯಿಂದ ಹೊಗೆಯ ನಡುವೆ ಮೇಲೆದ್ದು ಬರಬೇಕೆಂದು ಬ್ಯಾಂಡಿನವರು ಮಾಡಿಸಿದ್ದು. ಅದರ ಗುಂಡಿ ಒತ್ತಲು ಒಬ್ಬ ಲಿಫ್ಟಣ್ಣ. ಸದ್ದು ಏರಿಳಿಸಲು ಮಿಕ್ಸರಿನ ಮುಂದೆ ಇನ್ನೊಬ್ಬ. ಅನಾಹುತವಾದರೆ ಎಲ್ಲರಿಗೂ ಒಟ್ಟಿಗೆ ಕೇಳಲಿ ಎಂದು ಸದ್ದಕ್ಕ ಇಬ್ಬರ ವಾಕಿಟಾಕಿಯನ್ನೂ ಒಂದೇ ಚಾನೆಲಿಗೆ ಹಾಕಿಸಿದ್ದಳು. ಬೆಳಗಿನ ಸಭೆಯಲ್ಲಿ ಬೆರಳು ಆಡಿಸುತ್ತ ಹೇಳಿಯೂ ಇದ್ದಳು: "ನನ್ನ ಮಾತು ಕಿವಿಗೆ ಬಿದ್ದ ತಕ್ಷಣ ಮಾಡಬೇಕು. ಪ್ರಶ್ನೆ ಗಿಶ್ನೆ ಎಲ್ಲ ಆಮೇಲೆ." ಲಿಫ್ಟಣ್ಣ ಎರಡು ಸಲ ತಲೆ ಆಡಿಸಿದ್ದ. ಬಡಪಾಯಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು.

ಟೈಲರು ಹೊಗೆಯಿಂದ ಮೇಲೆದ್ದು ಬಂದಾಗ ಜನ ಕೂಗಿದರು. ತಾನೇ ಹೊಲಿದುಕೊಂಡ ನೇರಳೆ ಕೋಟು, ಕಣ್ಣು ಮಾತ್ರ ಮುಚ್ಚಿದ್ದ. ಕಣ್ಣು ಬಿಟ್ಟು ಬಾರಿಸಿ ಅವನಿಗೆ ಅಭ್ಯಾಸವೇ ಇಲ್ಲ. ಎರಡು ಹಾಡು ಸಲೀಸಾಗಿ ಹೋದವು. ಮೂರನೆಯದರ ನಡುವೆ ಬೇರೆ ವಾದ್ಯಗಳೆಲ್ಲ ನಿಂತವು. ಸೋಲೋ ಶುರುವಾಯಿತು.

ಅಷ್ಟು ವರ್ಷ ದಿಂಬಿನೊಳಗೆ ಹೂತಿಟ್ಟದ್ದೆಲ್ಲ ಒಮ್ಮೆಲೇ ಎದ್ದು ಬಂದ ಹಾಗಿತ್ತು. ಬಾಲ್ಕನಿಯ ಕಿಟಕಿ ಗಾಜು ನಡುಗಿತು. ಮೇಷ್ಟ್ರ ಕನ್ನಡಕ ಮೂಗಿನಿಂದ ಜಾರಿತು. ಸದ್ದಕ್ಕ ಕಿವಿಗವಸು ಏರಿಸಿಕೊಂಡು ಮೀಟರಿನಲ್ಲಿ ಕಣ್ಣು ನೆಟ್ಟಳು. ಸರಾಸರಿ ಅರವತ್ತಮೂರು. ಅರವತ್ತಮೂರೂವರೆ. ಅರವತ್ತನಾಲ್ಕು. ಈ ಗತಿಯಲ್ಲಿ ಹೋದರೆ ಮೂರನೇ ನೋಟಿಸು ಗ್ಯಾರಂಟಿ. ಸ್ವಲ್ಪ ತಗ್ಗಿಸಿದರೆ ಸೋಲೋ ಉಳಿಯುತ್ತದೆ, ನಿಲ್ಲಿಸಬೇಕಾಗುವುದಿಲ್ಲ. "ಡ್ರಮ್ಮಿನ ವಾಲ್ಯೂಮ್ ಇಳಿಸಿ" ಎನ್ನಬೇಕಿತ್ತು. ಗಾಬರಿಯಲ್ಲಿ ನಡುವಿನ ಮಾತು ನುಂಗಿಹೋಯಿತು.

"ಡ್ರಮ್ ಇಳಿಸಿ!" ಎಂದು ವಾಕಿಟಾಕಿಯಲ್ಲಿ ಕಿರುಚಿದಳು. "ಇನ್ನೂ ಇಳಿಸಿ! ಪೂರ್ತಿ ಇಳಿಸಿ!"

ಲಿಫ್ಟಣ್ಣ ಪ್ರಶ್ನೆ ಕೇಳಲಿಲ್ಲ. ಇಳಿಸಿದ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ, ಡ್ರಮ್ಮಿನವನು ಸೊಂಟದವರೆಗೆ ಇದ್ದಾನೆ. ಆಮೇಲೆ ಎದೆಯವರೆಗೆ. ಮೈಕಿನ ವೈರುಗಳು ಒಂದೊಂದೇ ಪಟಪಟ ಕಿತ್ತು ಬಂದವು. ಕೊನೆಗೆ ಮೇಲೆತ್ತಿದ ಎರಡು ಕಡ್ಡಿಗಳಷ್ಟೇ ಕಂಡು, ಅವೂ ಮುಳುಗಿದವು. ಕಣ್ಣು ಮುಚ್ಚಿದ್ದ ಟೈಲರಿಗೆ ಏನೂ ತಿಳಿಯದು. ವೇದಿಕೆಯ ಅಡಿಯಿಂದ ದುಡುಮ್ ದುಡುಮ್ ಎಂಬ ಸದ್ದು, ಯಾರೋ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಬಾಗಿಲು ಬಡಿದಂತೆ, ಬರುತ್ತಲೇ ಇತ್ತು. ಜನ ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

"ಅಯ್ಯೋ, ಅವರು ಎಲ್ಲಿಗಮ್ಮ ಹೋದ್ರು?" ಅಂದರು ಮೇಷ್ಟ್ರು.

ವಾಕಿಟಾಕಿಯಲ್ಲಿ ಲಿಫ್ಟಣ್ಣನ ಸಂತೋಷದ ದನಿ ಬಂತು: "ಪೂರ್ತಿ ಇಳಿಸಿದೀನಿ ಅಕ್ಕಾ!" ಮತ್ತೆ ಏರಿಸು ಎನ್ನೋಣವೆಂದರೆ ಅದಕ್ಕೂ ಆಕೆಯದೇ ನಿಯಮ ಅಡ್ಡ: ಕಾರ್ಯಕ್ರಮದ ನಡುವೆ ಲಿಫ್ಟು ಇಳಿದರೆ ಸುರಕ್ಷತೆಯವರು ಖುದ್ದಾಗಿ ಬಂದು ನೋಡದೆ ಏರಿಸುವಂತಿಲ್ಲ. ಸುರಕ್ಷತೆಯವರು ಎಂದರೆ ಆಕೆಯೇ.

"ಮೇಷ್ಟ್ರೇ, ಮೀಟರ್ ನೋಡ್ಕೊಳ್ತಿರಿ!" ಎಂದು ಸದ್ದಕ್ಕ ಮೆಟ್ಟಿಲು ಇಳಿದು ಓಡಿದಳು. ಜೀವಮಾನವೆಲ್ಲ ದೂರು ಕೊಟ್ಟವರಿಗೆ ಇಂಥ ಜವಾಬ್ದಾರಿ ಸಿಕ್ಕರೆ ಕೇಳಬೇಕೆ? ಮೇಷ್ಟ್ರು ಕುರ್ಚಿ ಎಳೆದು ಮೀಟರಿನ ಎದುರು ಕಣ್ಣಿಟ್ಟು ಕೂತರು.

ವೇದಿಕೆಯ ಮೇಲೆ ತೂತಿನ ಸುತ್ತ ಕೆಲಸದವರು ಹಗ್ಗ ಕಟ್ಟಿದ್ದರು. ಏನು ಮಾಡುವುದೆಂದು ತೋಚದೆ ಬ್ಯಾಂಡಿನ ಹಾಡುಗಾರ್ತಿ ಒಂದು ಜೋಗುಳ ಎತ್ತಿಕೊಂಡಿದ್ದಳು. ಸದ್ದಕ್ಕ ಬೆನ್ನು ಬಗ್ಗಿಸಿ ಹಲಗೆಗಳ ಅಡಿಗೆ ನುಗ್ಗಿದಳು. ಒಳಗೆ ಒಂದು ಮಂಕು ದೀಪ, ಧೂಳು, ಕಬ್ಬಿಣದ ಕಂಬಗಳು. ಆ ಕಂಬಗಳ ನಡುವೆ ಅವಳ ಗಂಡ, ಬೆವರಿನಲ್ಲಿ ತೊಯ್ದ ನೇರಳೆ ಕೋಟಿನಲ್ಲಿ, ಇನ್ನೂ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದ.

ತಡೆಯಬೇಕೆಂದು ಕೈ ಎತ್ತಿದವಳು ಹಾಗೆಯೇ ನಿಂತಳು. ಇಲ್ಲಿ ಮಲಗಿದ ಮಗುವಿಲ್ಲ, ಪರೀಕ್ಷೆಯಿಲ್ಲ, ಅರವತ್ತೈದರ ಮಿತಿಯೂ ಇಲ್ಲ. ಸದ್ದಕ್ಕ ನಿಧಾನವಾಗಿ ಕಿವಿಗವಸು ತೆಗೆದಳು. ಸದ್ದು ಅಂಗಾಲಿನಿಂದ ಹತ್ತಿ ಹಲ್ಲಿನವರೆಗೆ ಬಂತು. ದಿಂಬಿನ ಮೇಲೆ ಧಪಧಪ ಎನ್ನುತ್ತಿದ್ದದ್ದು ಇದೇನಾ? ಇಷ್ಟು ಚೆನ್ನಾಗಿ ಬಾರಿಸುವ ಮನುಷ್ಯನಿಗೆ ತಾನು ತಲೆನೋವೆಂದು ಸುಳ್ಳು ಹೇಳಿದೆನಲ್ಲ ಎಂದುಕೊಂಡಳು. ಕಣ್ಣು ತುಂಬಿತು. ಧೂಳಿನದೆಂದು ಆಮೇಲೆ ಎಲ್ಲರಿಗೂ ಹೇಳಿದಳು.

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಟೈಲರು ಕಣ್ಣು ಬಿಟ್ಟ. ಮಬ್ಬುಗತ್ತಲು. ಎದುರಿಗೆ ಹೆಂಡತಿ, ಕಣ್ಣಲ್ಲಿ ನೀರು.

"ಜನ ಎಲ್ಲಿ?" ಅಂದ.

"ಮೇಲಿದ್ದಾರೆ."

"ಎಲ್ಲರೂನಾ?" ಅವನು ತನ್ನ ಮೈ ತಾನೇ ಮುಟ್ಟಿ ನೋಡಿಕೊಂಡ. "ಏನಾಯ್ತೇ? ನೀನು ಮಾತ್ರ ನನ್ನ ಜೊತೆ ಇಲ್ಲಿಗೆ ಬಂದ್ಯಾ?"

"ಥೂ, ಬಿಡ್ತು ಅನ್ರಿ! ವೇದಿಕೆ ಕೆಳಗಿದ್ದೀರಿ. ಲಿಫ್ಟು ಇಳೀತು."

"ಯಾರು ಇಳಿಸಿದ್ದು?"

ಸದ್ದಕ್ಕ ಲಿಫ್ಟಿನ ಬೀಗ, ಸರಪಳಿ, ಕೆಂಪು ಗುಂಡಿ ಎಲ್ಲವನ್ನೂ ಬಹಳ ಗಮನವಿಟ್ಟು ಪರೀಕ್ಷಿಸತೊಡಗಿದಳು. ಟೈಲರಿಗೆ ಅರ್ಥವಾಯಿತು. ಅವನು ಕೋಪಿಸಿಕೊಳ್ಳಲಿಲ್ಲ. ಕಡ್ಡಿಗಳನ್ನು ಕೋಟಿನ ಜೇಬಿಗೆ ಸೇರಿಸಿ, "ಹೋಗ್ಲಿ ಬಿಡು. ನೀನಾದ್ರೂ ಕೇಳಿದ್ಯಲ್ಲ" ಅಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೇಷ್ಟ್ರು. ದೂರು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡು ಸದ್ದಕ್ಕ ಎತ್ತಿದಳು.

"ಏನಮ್ಮಾ ಇದು?" ಮೇಷ್ಟ್ರು ಗುಡುಗಿದರು. "ಅರ್ಧ ವಾಕ್ಯ ಬರೆದು ಪೆನ್ನು ಕೆಳಗಿಟ್ಟ ಹಾಗೆ! ನನ್ನ ತರಗತಿಯಲ್ಲಾಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಆ ಡ್ರಮ್ಮಿನೋರು ಮುಗಿಸ್ತಾರೋ ಇಲ್ವೋ?"

ಸದ್ದಕ್ಕನ ಕಿವಿ ನೆಟ್ಟಗಾಯಿತು. "ಮೇಷ್ಟ್ರೇ, ಸರಾಸರಿ ಎಷ್ಟಿದೆ ಓದಿ."

"ಹಳೇ ಹದಿನೈದು ನಿಮಿಷ ಅರವತ್ತನಾಲ್ಕು ಪಾಯಿಂಟ್ ಎರಡಕ್ಕೆ ಮುಗೀತು. ಹೊಸದು ಶುರುವಾಗಿ ಆಗ್ಲೇ ತುಂಬ ಹೊತ್ತಾಯ್ತು. ಬರೀ ಐವತ್ತಾರು. ಆ ಹುಡುಗಿ ಜೋಗುಳ ಹಾಡ್ತಾನೇ ಇದಾಳೆ. ನಾನು ಒಂದು ಸಲ ತೂಕಡಿಸಿದೆ, ಸುಳ್ಳು ಯಾಕೆ ಹೇಳಲಿ."

ಐವತ್ತಾರು! ಸದ್ದಕ್ಕ ಮನಸ್ಸಿನಲ್ಲೇ ಗುಣಿಸಿ ಭಾಗಿಸಿದಳು. ಈ ಸರಾಸರಿಯಲ್ಲಿ ಬೇಕಾದಷ್ಟು ಜಾಗ ಖಾಲಿಯಿದೆ. ಒಂದು ನಿಮಿಷ ಮುಗಿಲು ಹರಿಯುವಂತೆ ಬಾರಿಸಿದರೂ ಅರವತ್ತೈದರ ಒಳಗೇ ಇರುತ್ತದೆ. ಆಕೆ ಲಿಫ್ಟಿನ ಬೀಗವನ್ನು ಇನ್ನೊಮ್ಮೆ ಎಳೆದು ನೋಡಿ, ಗಂಡನ ಜೇಬಿನಿಂದ ಕಡ್ಡಿಗಳನ್ನು ಕಿತ್ತು ಅವನ ಕೈಗಿಟ್ಟಳು. ಕೆಲಸದವರಿಗೆ ಹೇಳಿ ಮೈಕಿನ ವೈರು ಸಿಕ್ಕಿಸಿದಳು. ಆಮೇಲೆ ವಾಕಿಟಾಕಿ ಎತ್ತಿದಳು.

"ಏರಿಸಿ."

ವಾಕಿಟಾಕಿಯಲ್ಲಿ ಕರಕರ ಸದ್ದು. ಯಾವುದೂ ಅಲ್ಲಾಡಲಿಲ್ಲ. ಲಿಫ್ಟಣ್ಣ ಪಾಠ ಕಲಿತಿದ್ದ.

"ಯಾವುದನ್ನ ಅಕ್ಕಾ? ಸದ್ದೋ, ಅಣ್ಣನೋ?"

"ಎರಡನ್ನೂ!"

ಲಿಫ್ಟು ಮೇಲೇಳಿತು. ಅದರಿಂದ ಇಳಿದುಕೊಳ್ಳಬೇಕೆಂಬುದು ಸದ್ದಕ್ಕನಿಗೆ ನೆನಪಾಗುವಷ್ಟರಲ್ಲಿ ಆಕೆಯ ತಲೆ ವೇದಿಕೆಯ ಮೇಲೆ ಬಂದಾಗಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು, ಕೊರಳಲ್ಲಿ ಕಿವಿಗವಸು. ಜನ ಹುಚ್ಚೆದ್ದು ಕೂಗಿದರು. ಟೈಲರು ಶುರು ಮಾಡಿದ. ಈ ಸಲ ಕಣ್ಣು ಬಿಟ್ಟುಕೊಂಡು, ಹೆಂಡತಿಯ ಮುಖ ನೋಡುತ್ತ ಬಾರಿಸಿದ. ಫೋನಿನಲ್ಲಿ ಮೇಷ್ಟ್ರು ಚುನಾವಣೆಯ ಫಲಿತಾಂಶ ಓದುವವರಂತೆ ಕೂಗುತ್ತಿದ್ದರು. "ಅರವತ್ತು! ಅರವತ್ತೆರಡು! ಅರವತ್ತನಾಲ್ಕು! ಅರವತ್ತನಾಲ್ಕು ಪಾಯಿಂಟ್ ಎಂಟು!" ಸದ್ದಕ್ಕ ಕೈ ಎತ್ತಿದಳು. ಟೈಲರು ಎರಡು ಕಡ್ಡಿಯನ್ನೂ ಒಟ್ಟಿಗೆ ಎತ್ತಿ, ಕೊನೆಯ ಪೆಟ್ಟು ಹಾಕಿ ನಿಲ್ಲಿಸಿದ. ವಾಕ್ಯ ಪೂರ್ತಿಯಾಯಿತು.

"ಅಯ್ಯಯ್ಯೋ!" ಮೇಷ್ಟ್ರು ಚೀರಿದರು. "ಅರವತ್ತಾರು ಆಗೋಯ್ತಮ್ಮಾ! ಅವರು ನಿಲ್ಲಿಸಿದ ಮೇಲೂ ಏರ್ತಾ ಇದೆ!"

"ಮೇಷ್ಟ್ರೇ, ಏನು ಮಾಡ್ತಿದೀರಿ?"

"ಏನಿಲ್ಲಮ್ಮಾ. ಚಪ್ಪಾಳೆ ಹೊಡೀತಿದೀನಿ."

"ಮೀಟರ್ ಪಕ್ಕದಲ್ಲೇನಾ?"

ಆಚೆಯ ಚಪ್ಪಾಳೆ ತಟ್ಟನೆ ನಿಂತಿತು. ದೂರುದಾರರೇ ಮಾಡಿದ ಸದ್ದು ಲೆಕ್ಕಕ್ಕಿಲ್ಲ. ಪರವಾನಗಿಯಲ್ಲಿ ಹಾಗೊಂದು ಸಾಲು ಇರುವುದು ಸದ್ದಕ್ಕನಿಗೆ ಬಾಯಿಪಾಠ. ರಂಗಕ್ಕೆ ಬೀಗ ಬೀಳಲಿಲ್ಲ.

ವೇದಿಕೆಯ ಮೇಲೆ ಟೈಲರು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಇಷ್ಟು ಜನರ ಕೂಗಿನ ನಡುವೆಯೂ ಅವನ ಹಳೆಯ ಚಾಳಿ ಬಿಡಲಿಲ್ಲ. ಕಡ್ಡಿ ಎತ್ತಿ ಹಿಡಿದು, ಮೆಲ್ಲಗೆ ಹೆಂಡತಿಯನ್ನು ಕೇಳಿದ: "ಜಾಸ್ತಿ ಆಯ್ತಾ?"

ಸದ್ದಕ್ಕ ಅವನ ಹತ್ತಿರಕ್ಕೆ ಬಗ್ಗಿದಳು.

"ಏನಂದ್ರಿ? ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಹೇಳ್ರಿ."