ಒಳಗೆ ಬಾರಿಸುವವನು

"ಹೆಣ್ಣಿನ ಸೋದರಮಾವ ಬಾಯಿಗೆ ಬಂದಂಗೆ ಬೈತಾವ್ನೆ ಕಣೋ." ಆರ್ಕೆಸ್ಟ್ರಾದ ಯಜಮಾನ ಕಾಂತೇಶ್ ಸ್ಟೇಜಿನ ಹಿಂದೆ ತಿಮ್ಮರಾಜುವಿನ ತೋಳು ಹಿಡಿದು ನಿಲ್ಲಿಸಿದ. "ಹೆಣದ ಮುಂದೆ ಬಡಿಯೋದನ್ನ ಛತ್ರದೊಳಕ್ಕೆ ತರ್ತೀರೇನ್ರೋ ಅಂತಾನೆ. ನಿಮ್ಮಪ್ಪನ್ನ ಆಚೇಲೇ ಕೂರ್ಸು."

"ಗಂಡಿನ ಕಡೆ ಹುಡುಗ್ರೇ ತಮಟೆ ಏಟು ಬೇಕು ಅಂದ್ರಲ್ಲಣ್ಣ."

"ಏಟು ಬೇಕು ಅಂದ್ರು. ನಿಮ್ಮಪ್ಪ ಬೇಕು ಅಂದ್ರಾ? ಡಬ್ಬದೊಳಗೈತಲ್ಲ, ಒತ್ತು. ಆಗಲ್ವಾ, ಅವನ ಜೊತೆ ನೀನೂ ನಿಮ್ಮೂರು ಬೆಳ್ಳಾವಿ ಬಸ್ ಹತ್ತು. ಡಬ್ಬ ನುಡಿಸೋಕೆ ತುಮಕೂರಲ್ಲಿ ಹುಡುಗ್ರಿಗೇನ್ ಬರ ಇಲ್ಲ."

ಆ ಡಬ್ಬ ಅಂದರೆ ಗುಂಡಿ ಒತ್ತಿದರೆ ತಾಳ ನುಡಿಯುವ ರಿದಂ ಬಾಕ್ಸು; ಅದನ್ನು ಕಾಂತೇಶ್ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ತಂದಿದ್ದ. ಅಸಲಿ ಡ್ರಮ್ಮಿನಂತೆ ಕೇಳುವುದಿಲ್ಲವೆಂದೇ ಅದು ಅಗ್ಗಕ್ಕೆ ಸಿಕ್ಕಿತ್ತು. ಆದರೆ ಅದರ ಒಣ ಚಟಚಟ ಸದ್ದು ದೊಡ್ಡ ಸ್ಪೀಕರುಗಳಲ್ಲಿ ಹೊರಟರೆ, ಬೆಂಕಿಗೆ ಕಾಯಿಸಿದ ತಮಟೆಯಂತೆಯೇ ಇರುತ್ತಿತ್ತು. ಅದನ್ನು ಮೊದಲು ಕಂಡುಕೊಂಡವನು ತಿಮ್ಮರಾಜು. ಪ್ರಾಕ್ಟೀಸು ಎಂದು ಹೇಳಿ ಅಪ್ಪ ಯಲ್ಲಯ್ಯನಿಂದ ಮನೆಯಂಗಳದಲ್ಲಿ ತಮಟೆ ಹೊಡೆಸಿ, ಆಮೇಲೆ ಅವನಿಗೆ ಹೇಳದೆ ಒಂದೊಂದೇ ಏಟನ್ನು ಗುಂಡಿಯೊತ್ತಿ ಡಬ್ಬಕ್ಕೆ ಕಲಿಸಿದ್ದ. ಹೊಸ ಅಂಗಿ ಹೊಲಿಸಿಕೊಟ್ಟು, ಜೀವನದಲ್ಲಿ ಒಮ್ಮೆ ಸ್ಟೇಜು ಹತ್ತಿಸುತ್ತೇನೆಂದು ಅವನನ್ನು ಕುಣಿಗಲ್ಲಿನ ಈ ಮದುವೆಗೆ ಕರೆತಂದಿದ್ದ.

ಒತ್ತಿದ. ಛತ್ರದಲ್ಲಿ ಶಿಳ್ಳೆಗಳು ಎದ್ದವು. ಹುಡುಗರು ಕುರ್ಚಿ ಒದ್ದು ಜಾಗ ಮಾಡಿಕೊಂಡರು. ಸೋದರಮಾವ ಪಂಚೆ ಎತ್ತಿಕಟ್ಟಿ ಅವರ ನಡುವೆ ನುಗ್ಗಿದ. ತಿಮ್ಮರಾಜು ಡಬ್ಬವನ್ನು ಅದರ ಪಾಡಿಗೆ ಬಿಟ್ಟು ಹಿಂಬಾಗಿಲಿನಿಂದ ಹೊರಗೆ ಬಂದ.

ಜನರೇಟರ್ ಪಕ್ಕದಲ್ಲಿ ತೆಂಗಿನ ಗರಿಯ ಬೆಂಕಿಗೆ ಯಲ್ಲಯ್ಯ ತಮಟೆ ಹಿಡಿದು ಕೂತಿದ್ದ. ಅಂಗಿಗೆ ಕಿಡಿ ತಾಗದಂತೆ ತೋಳು ಮಡಚಿದ್ದ.

"ಏನ್ಲಾ, ಯಾರೋ ಆಗ್ಲೇ ಬಾರಿಸ್ತಾವ್ನೆ?"

ತಿಮ್ಮರಾಜು ಬೆಂಕಿ ನೋಡಿದ. "ಗಂಡಿನ ಕಡೆಯೋರು ಕರ್ಸವ್ರೆ. ಇಲ್ಲೇ ಕುಣಿಗಲ್ ಕಡೆಯೋನು."

"ಒಳಕ್ಕೆ ಬುಟ್ರಾ ಅವನ್ನ?"

"ಬುಟ್ರು."

ಯಲ್ಲಯ್ಯ ಕತ್ತು ವಾರೆ ಮಾಡಿ ಕೇಳಿದ. ಅವನ ಬೆರಳುಗಳು ತೊಡೆಯ ಮೇಲೆ ಸಣ್ಣಗೆ ಆಡಿದವು.

"ನಮ್ಮ ಏಟೇ ಕಣ್ಲಾ! ಎಲ್ಲಿ ಕಲ್ತನೋ. ಒಂದ್ ಕಿತನೂ ಕೈ ಸೋಲಕಿಲ್ವಲ್ಲೋ ಅವಂದು. ವಯಸ್ಸಿನ ಹುಡುಗ ಇರ್ಬೇಕು."

"ಹ್ಞೂಂ."

"ನಂಗೆ ಇವಾಗ ಅಂಗೆ ಆಗಕಿಲ್ಲ ಬುಡು." ಯಲ್ಲಯ್ಯ ತಮಟೆಯನ್ನು ಬೆಂಕಿಯಿಂದ ಹಿಂದಕ್ಕೆ ತೆಗೆದು ನೆಲದ ಮೇಲೆ ಬೋರಲು ಹಾಕಿದ. "ನೀನ್ ಬ್ಯಾಸರ ಮಾಡ್ಕಬ್ಯಾಡ. ನಮ್ಮೋನ್ ಒಬ್ಬ ಸ್ಟೇಜ್ ಹತ್ತವ್ನಲ್ಲ, ಸಾಕು."

ತಿಮ್ಮರಾಜು ಹೊರಡಲು ತಿರುಗಿದ.

"ಲೋ, ಅವನಿಗೆ ಉಣ್ಣಕಿಕ್ಕಿದ್ರಾ ಕೇಳು. ಈ ಜನ ಕುಣಿಯೋವಾಗ ಕುಣೀತಾರೆ, ಆಮೇಕೆ ಮರ್ತು ಬುಡ್ತಾರೆ."

"ಕೇಳ್ತೀನಪ್ಪ."

ಒಳಗೆ ಕಾಂತೇಶ್ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದ. "ಎಲ್ಲಿ ಸತ್ತಿದ್ಯೋ? ಇನ್ನೂ ಸ್ಪೀಡ್ ಬೇಕಂತೆ."

ತಿಮ್ಮರಾಜು ಗುಂಡಿ ತಿರುಗಿಸಿದ. ಡಬ್ಬದ ಮೂಲೆಯಲ್ಲಿದ್ದ ಕೆಂಪು ದೀಪ ಬೇಗಬೇಗ ಮಿಟುಕತೊಡಗಿತು.